ನಾಲ್ಕೇ ಥರದ ಬೀಗ

ಪರದೇಶದ ಬೀಗ ಇನ್ನು ಮುಂದೆ ದೇಶದೊಳಕ್ಕೆ ಕಾಲಿಡುವುದಿಲ್ಲ ಎಂದು ರೇಡಿಯೋದಲ್ಲಿ ಹೇಳಿದ ದಿನ ಬೀಗದಮ್ಮನ ಮನೆಯಲ್ಲಿ ಅನ್ನ ಸೀದುಹೋಯಿತು. ಸೀಯದೆ ಇನ್ನೇನಾದೀತು? ಒಲೆಯ ಮುಂದೆ ಇರಬೇಕಾದವರೆಲ್ಲ ರೇಡಿಯೋ ಮುಂದೆ ಇದ್ದರು. ಬಂದರಿನಲ್ಲಿ ಇಳಿಯುವ ಪ್ರತಿಯೊಂದು ಬೀಗದ ಮೇಲೂ ಅದರ ಬೆಲೆಗಿಂತ ದೊಡ್ಡ ಸುಂಕವಂತೆ. ಅಷ್ಟು ಕೊಟ್ಟು ಯಾವ ಹುಚ್ಚ ತರಿಸುತ್ತಾನೆ? ಅರವತ್ತು ದಾಟಿದ ಯಜಮಾನರು ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಿ ಕುಣಿದೇಬಿಟ್ಟರು.

"ನೋಡಿದ್ಯೇನೇ? ಬೀಗ ತಯಾರಕರ ಸಂಘ ಅಂದ್ರೆ ಏನು ಅಂದ್ಕೊಂಡಿದ್ದೆ? ಮಂತ್ರಿಗಳ ಮನೆ ಬಾಗಿಲು ಕಾದಿದ್ದು ಸುಮ್ನೇನಾ?"

"ಅನ್ನ ಸೀದಿದೆ," ಎಂದಳು ಬೀಗದಮ್ಮ.

"ಸೀದ್ರೆ ಸೀಯಲಿ ಬಿಡೆ. ಇವತ್ತು ಸೀದದ್ದೂ ಸಿಹೀನೇ!"

ಆ ಮನೆಯ ಮುಂಭಾಗ ಬೀಗದ ಕಾರ್ಖಾನೆ ಮತ್ತು ಅಂಗಡಿ, ಹಿಂಭಾಗ ಸಂಸಾರ, ನಡುವೆ ಒಂದು ಹಳೇ ಪರದೆ. ಹಿತ್ತಾಳೆಯ ಪುಡಿ ಪರದೆ ದಾಟಿ ಬಂದು ಉಪ್ಪಿನ ಡಬ್ಬಿಯಲ್ಲೂ ಕೂರುತ್ತಿತ್ತು. ಯಜಮಾನರು ಬೀಗ ಜೋಡಿಸುವವರು, ಮಗ ವ್ಯಾಪಾರ ನೋಡುವವನು, ಸೊಸೆ ಡಬ್ಬಿಗೆ ತುಂಬುವವಳು. ಯಜಮಾನರ ಹೆಂಡತಿಯದು ಅರದ ಕೆಲಸ. ಬೀಗದ ಹೊಟ್ಟೆಯೊಳಗೆ ಆರು ಹಿತ್ತಾಳೆ ಪಟ್ಟಿಗಳಿರುತ್ತವೆ. ಬೀಗದಕೈಯ ಹಲ್ಲುಗಳು ಆ ಆರನ್ನೂ ಸರಿಯಾದ ಎತ್ತರಕ್ಕೆ ಎತ್ತಿದರೆ ಮಾತ್ರ ಅದು ಬಾಯಿಬಿಡುತ್ತದೆ. ಆ ಹಲ್ಲುಗಳನ್ನು ಒಂದೊಂದಾಗಿ ಅರದಲ್ಲಿ ಉಜ್ಜಿ, ಒಂದರ ಬೀಗದಕೈ ಇನ್ನೊಂದಕ್ಕೆ ಆಗದ ಹಾಗೆ ಮಾಡುತ್ತಿದ್ದವಳು ಅವಳು. ಮದುವೆಯಾಗಿ ಬಂದ ಹೊಸದರಲ್ಲಿ ಬೀದಿಯವರು ತಮಾಷೆಗೆ ಬೀಗದಮ್ಮ ಎಂದದ್ದು ಅಂಟಿಕೊಂಡು, ಈಗ ಅವಳ ಹೆಸರು ಅವಳಿಗೇ ನೆನಪಿದ್ದರೆ ದೊಡ್ಡದು.

ಮಗಳೊಬ್ಬಳು ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಪಾಳಿ ಜಾಸ್ತಿ, ಮನೆ ದೂರ ಎಂದು ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಳು. ಮೂವತ್ತಾಯಿತು, ಮದುವೆಯ ಮಾತೆತ್ತಿದರೆ "ರೋಗಿಗಳಿಗೆ ಮಾತ್ರೆ ಕೊಡೋ ಹೊತ್ತಾಯ್ತು" ಎಂದು ಎದ್ದು ಹೋಗುವವಳು. ಮೊಂಡಿ, ಅಪ್ಪನ ಮಗಳು.

ಎರಡು ವಾರದಲ್ಲಿ ಊರಿನ ಅಂಗಡಿಗಳಲ್ಲಿ ಪರದೇಶದ ಬೀಗ ಮಾಯವಾಯಿತು. ಇನ್ನೆರಡು ವಾರಕ್ಕೆ ಬೀಗದ ವ್ಯಾಪಾರಿಗಳು ಯಜಮಾನರ ಅಂಗಡಿಯೆದುರು ಸಾಲುಗಟ್ಟಿದರು. ಮುಂಚೆ ಎದುರಿಗೆ ಬಂದರೆ ಮುಖ ತಿರುಗಿಸುತ್ತಿದ್ದ ವ್ಯಾಪಾರಿಗಳೆಲ್ಲ ಈಗ "ಯಜಮಾನ್ರೇ, ಯಜಮಾನ್ರೇ" ಎನ್ನುತ್ತ ಮುಂಗಡ ಹಿಡಿದು ನಿಂತರು. ಸೋರುತ್ತಿದ್ದ ಸೂರು ರಿಪೇರಿಯಾಯಿತು. ಸೊಸೆಗೆ ಫ್ರಿಜ್ಜು ಬಂತು. ವಾರಕ್ಕೊಮ್ಮೆ ಬೇಯುತ್ತಿದ್ದ ಮೊಟ್ಟೆ ದಿನಾ ಬೇಯತೊಡಗಿತು.

ಒಂದು ದಿನ ಊಟಕ್ಕೆ ಕೂತಾಗ ಮಗ ತಟ್ಟೆ ಸರಿಸಿ ಹೇಳಿದ: "ಅಪ್ಪಾ, ಹಿತ್ತಾಳೆ ತಗಡಿನೋರು ಬೆಲೆ ಏರಿಸಿದಾರೆ. ಒಂದಕ್ಕೆ ಒಂದೂವರೆ."

"ಯಾಕಂತೆ?"

"ಪರದೇಶದ ತಗಡಿಗೂ ಸುಂಕ ಬಿತ್ತಲ್ಲ. ತಗಡಿನೋರಿಗೂ ಒಂದು ಸಂಘ ಇದೆಯಂತೆ. ಅವರೂ ಮಂತ್ರಿಗಳ ಮನೆ ಬಾಗಿಲು ಕಾದಿದ್ರಂತೆ."

ಸೊಸೆ ಸೊಪ್ಪು ಬಡಿಸುತ್ತಿದ್ದವಳು ಕಿಸಕ್ಕನೆ ನಕ್ಕಳು. "ಒಂದೇ ಬಾಗಿಲಲ್ಲಿ ನಿಂತಿದ್ರೇನೋ ಮಾವ. ಪರಿಚಯ ಮಾಡ್ಕೋಬಹುದಿತ್ತು."

"ನಗಬೇಡಮ್ಮ ನೀನು. ಇದೆಂಥಾ ಅನ್ಯಾಯ! ನಮಗೆ ರಕ್ಷಣೆ ಕೊಟ್ರೆ ಅದು ದೇಶಸೇವೆ. ಅವರಿಗೆ ಯಾಕಂತೆ?"

"ಅವರ ಮನೇಲೂ ಆವತ್ತು ಯಾರೋ ನಿಮ್ಮ ಹಾಗೇ ಕುಣಿದಿರ್ತಾರೆ," ಎಂದಳು ಬೀಗದಮ್ಮ. ಯಜಮಾನರಿಗೆ ಅದು ರುಚಿಸಲಿಲ್ಲ, ನೀರು ಕುಡಿದರು.

ಮಗನ ಹತ್ತಿರ ಉಪಾಯ ಸಿದ್ಧವಿತ್ತು. ಬೀಗದೊಳಗೆ ಆರು ಪಟ್ಟಿ ಯಾಕೆ, ಮೂರು ಸಾಕು. ಬೀಗದಕೈಗೆ ಅರ ಹಾಕುತ್ತ ಕೂರುವುದು ಯಾಕೆ, ಒತ್ತುವ ಯಂತ್ರ ತಂದರಾಯಿತು. ಒಂದು ಸಲ ಒತ್ತಿದರೆ ಹಲ್ಲೆಲ್ಲ ಒಟ್ಟಿಗೇ ಬೀಳುತ್ತವೆ. ಯಂತ್ರದ ಅಚ್ಚು ದುಬಾರಿ, ನಾಲ್ಕು ಅಚ್ಚು ಮಾಡಿಸಿದರೆ ನಾಲ್ಕು ಥರದ ಬೀಗ.

"ನಾಲ್ಕೇ ಥರಾನಾ?" ಬೀಗದಮ್ಮನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಇಡೀ ಊರಿಗೆ?"

"ನಾಲ್ಕು ಕಮ್ಮೀನೇನಮ್ಮ?"

"ನಿಮ್ಮ ತಾತ ಇದ್ದಿದ್ರೆ ಆ ಅಚ್ಚಲ್ಲೇ ನಿನ್ನ ಒತ್ತುತ್ತಿದ್ರು."

"ತಾತ ಇದ್ದಾಗ ಪಕ್ಕದಂಗಡೀಲಿ ಪರದೇಶದ ಬೀಗ ಇತ್ತಮ್ಮ. ನಮ್ಮದು ಚೆನ್ನಾಗಿಲ್ಲ ಅಂದ್ರೆ ಅಲ್ಲಿಗೆ ಹೋಗ್ತಿದ್ರು. ಈಗ ಎಲ್ಲಿಗೆ ಹೋಗ್ತಾರೆ ಹೇಳು?"

"ಹಾಳೂರಿಗೆ ಉಳಿದೋನೇ ಗೌಡ ಅನ್ನು."

"ಹೂಂ, ಗೌಡನೇ. ತಪ್ಪೇನು?"

ಯಜಮಾನರು ಏನಾದರೂ ಹೇಳುತ್ತಾರೆ ಎಂದು ಬೀಗದಮ್ಮ ಕಾದಳು. ಅವರು ಗಂಟಲು ಸರಿಮಾಡಿಕೊಂಡು, "ತಾತ್ಕಾಲಿಕ ಕಣೆ. ತಗಡಿನ ಬೆಲೆ ಇಳೀಲಿ, ಮತ್ತೆ ಆರು ಹಾಕೋಣ" ಎಂದರು. ತಗಡಿನ ಬೆಲೆ ಇಳಿಯಲಿಲ್ಲ, ಅದು ಬೇರೆ ಮಾತು.

ಯಂತ್ರ ಬಂತು. ಬೆಳಗಿನಿಂದ ಸಂಜೆವರೆಗೆ ಧಡ್ ಧಡ್ ಎನ್ನುವ ಸದ್ದಿಗೆ ಅಡುಗೆಮನೆಯ ಪಾತ್ರೆಗಳು ಅಲುಗತೊಡಗಿದವು. ಅದರಿಂದ ಹೊರಬಿದ್ದ ಮೊದಲ ಬೀಗವನ್ನು ಯಜಮಾನರು ಬಟ್ಟೆಯಲ್ಲಿ ಒರೆಸಿ, ಹೊಸ ಅಂಗಿ ತೊಟ್ಟು, ತಾವೇ ಮಗಳ ಕೋಣೆಗೆ ಹೋದರು. ಅಲ್ಲಿ ಬಾಗಿಲ ಮೇಲಿದ್ದದ್ದು ಮಗಳು ಮೊದಲ ಸಂಬಳದಲ್ಲಿ ಕೊಂಡ ಪರದೇಶದ ಬೀಗ.

"ತೆಗಿ ಅದನ್ನ. ಬೀಗ ಮಾಡೋನ ಮಗಳ ಬಾಗಿಲಿಗೆ ಪರದೇಶದ ಬೀಗ! ಸಂಘದೋರು ಕಂಡ್ರೆ ಮುಖಕ್ಕೆ ಉಗೀತಾರೆ."

"ಅಪ್ಪಾ, ಅದು ಗಟ್ಟಿಯಾಗೇ ಇದೆಯಲ್ಲ."

"ಗಟ್ಟಿಯಾಗಿರೋದೇ ಅದರ ತಪ್ಪು," ಎಂದು ಯಜಮಾನರು ತಾವೇ ನಕ್ಕು, ಹೊಸದನ್ನು ಹಾಕಿ, ಹಳೆಯದನ್ನು ಜೇಬಿಗಿಳಿಸಿ ತಂದು, ಹಿತ್ತಾಳೆ ಕರಗಿಸುವ ಮೂಸೆಗೆ ಎಸೆದರು. ಅದರಿಂದ ಒಂದಷ್ಟು ಹೊಸ ಪಟ್ಟಿಗಳಾದವು. ಗಟ್ಟಿ ಬೀಗ ಕರಗಿಸಿ ಹಗುರ ಬೀಗ ಮಾಡುವ ಕೆಲಸವನ್ನು ಆ ಮನೆಯವರಲ್ಲದೆ ಇನ್ಯಾರೂ ಮಾಡುತ್ತಿರಲಿಲ್ಲ.

ಬೀಗದಮ್ಮನ ಅರಕ್ಕೆ ಪೂರ್ತಿ ರಜೆ ಸಿಗಲಿಲ್ಲ. ಹೊರದೇಶಕ್ಕೆ ಮಾಲು ಕಳಿಸುವವರಿಗೆ ಸರ್ಕಾರ ಪ್ರೋತ್ಸಾಹಧನ ಕೊಡುತ್ತದೆ ಎಂದು ಮಗ ಎಲ್ಲಿಂದಲೋ ಒಂದು ದೊಡ್ಡ ಬೇಡಿಕೆ ಹಿಡಿದು ತಂದ. ಆದರೆ ಆ ದೇಶದವರು ಬೀಗವನ್ನು ಬಿಚ್ಚಿ ನೋಡುತ್ತಾರೆ, ಸಾವಿರದಲ್ಲಿ ಎರಡು ಒಂದೇ ಥರ ಸಿಕ್ಕರೆ ಇಡೀ ಮಾಲು ವಾಪಸ್. ಹಾಗಾಗಿ ಅದಕ್ಕೆ ಆರು ಪಟ್ಟಿ, ಅದಕ್ಕೆ ಕೈಯರ, ಅದಕ್ಕೆ ಬೀಗದಮ್ಮ. ಹಿತ್ತಿಲ ಜಗಲಿಯಲ್ಲಿ ಅವಳೂ ಇಬ್ಬರು ಹಳೇ ಕೆಲಸದವರೂ ಹೊರದೇಶದ ಬೀಗಕ್ಕೆ ಅರ ಹಾಕುವುದು, ಮುಂದೆ ಯಂತ್ರ ಊರಿನ ಬೀಗವನ್ನು ಒತ್ತುವುದು.

"ಅಲ್ವೋ, ಕಾಣದ ಊರಿನೋರಿಗೆ ಆರು, ನಮ್ಮ ಬೀದಿಯೋರಿಗೆ ಮೂರು. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರಲ್ಲ, ಅದು ನಾವೇ ನೋಡು," ಎಂದಳು ಒಮ್ಮೆ.

"ಕಾಣದ ಊರಿನೋರು ಬೇರೆಯೋರ ಹತ್ರಾನೂ ಕೊಳ್ಳಬಹುದಮ್ಮ," ಎಂದ ಮಗ. "ನಮ್ಮ ಬೀದಿಯೋರಿಗೆ ಆ ಯೋಗ ಇಲ್ಲ."

ಆಮೇಲೊಂದು ಮಧ್ಯಾಹ್ನ ಸೊಸೆ ಉಗ್ರಾಣದಿಂದ ಅಕ್ಕಿ ತಂದಳು. ತಂದವಳು ಅಡುಗೆಮನೆಯ ಹೊಸ್ತಿಲಲ್ಲೇ ನಿಂತು ಬಾಯಿಗೆ ಸೆರಗು ಮುಚ್ಚಿಕೊಂಡು ನಗತೊಡಗಿದಳು.

"ಏನೇ?"

"ಅತ್ತೆ, ನಾನು ತಗೊಂಡು ಹೋದದ್ದು ಮಹಡಿ ಬಾಗಿಲಿನ ಬೀಗದಕೈ. ತೆಗೆದದ್ದು ಉಗ್ರಾಣ. ನೋಡ್ದೇನೇ ತೆಗೆದ್ಬಿಟ್ಟೆ!"

ಬೀಗದಮ್ಮ ನಗಲಿಲ್ಲ. ಊಟವಾದ ಮೇಲೆ ಒಂದು ಮೊರ ತುಂಬ ಹೊಸ ಬೀಗ ತಂದು ಜಗಲಿಯಲ್ಲಿ ಕೂತು ಒಂದರ ಬೀಗದಕೈಯನ್ನು ಇನ್ನೊಂದಕ್ಕೆ ಹಾಕಿ ನೋಡಿದಳು. ಮೂರು ತೆಗೆಯುವುದಿಲ್ಲ, ನಾಲ್ಕನೆಯದು ತೆಗೆಯುತ್ತದೆ. ಇದು ಗೊತ್ತಿದ್ದ ಸಂಗತಿಯೇ. ಆದರೆ ಗೊತ್ತಿರುವುದು ಬೇರೆ, ಟಕ್ ಎಂದು ಬಾಯಿಬಿಡುವುದನ್ನು ತನ್ನ ಕೈಯಲ್ಲೇ ಕೇಳುವುದು ಬೇರೆ. ಈ ಬೀದಿಯಲ್ಲಿ ಯಾರೇ ತನ್ನ ಮನೆಗೆ ಬೀಗ ಹಾಕಿ ಹೊರಟರೂ ನಾಲ್ಕರಲ್ಲೊಂದು ಮನೆಯ ಬೀಗದಕೈಯನ್ನೂ ಜೇಬಿಗೆ ಹಾಕಿಕೊಂಡು ಹೋಗುತ್ತಾನೆ. ಅವಳು ಮೊರವನ್ನು ದೂರ ತಳ್ಳಿದಳು.

ಆ ರಾತ್ರಿ ಅವಳು ಗಂಡನ ತಟ್ಟೆಗೆ ಅನ್ನ ಹಾಕದೆ ನಿಂತಳು. "ರೀ, ಆ ಅಚ್ಚು ನಿಲ್ಲಿಸಿ. ಯಾರದ್ದಾದ್ರೂ ಮನೆ ಹಾಳಾಗುತ್ತೆ."

"ಯಾರಿಗೆ ಗೊತ್ತಾಗುತ್ತೇ? ಯಾವ ಮನುಷ್ಯ ಪಕ್ಕದ ಮನೆ ಬೀಗಕ್ಕೆ ತನ್ನ ಬೀಗದಕೈ ಹಾಕಿ ನೋಡ್ತಾನೆ?"

"ಗೊತ್ತಾಗೋವರೆಗೂ ಎಲ್ಲಾ ಬೀಗವೂ ಗಟ್ಟೀನೇ ಅಮ್ಮ," ಎಂದ ಮಗ.

"ಗೊತ್ತಾದ್ರೆ?"

"ಗೊತ್ತಾದ್ರೆ ಆವಾಗ ನೋಡ್ಕೊಳೋಣ. ಮೊದಲು ಅನ್ನ ಹಾಕು."

ಅನ್ನ ಹಾಕಿದಳು. ಅದೇ ಅವಳ ತಪ್ಪು ಎನ್ನಬೇಕೋ ಏನೋ. ಆದರೆ ಸೂರು ಸೋರುವುದು ನಿಂತಿತ್ತು, ಮಗ ಸೊಸೆ ಜಗಳವಾಡುವುದು ನಿಂತಿತ್ತು, ಬಡತನದಲ್ಲಿ ಹಲ್ಲು ಕಚ್ಚಿ ಬದುಕಿದ ಹೆಂಗಸು ಎಷ್ಟು ದಿನ ತುಂಬಿದ ತಟ್ಟೆಯ ಮುಂದೆ ಜಗಳ ಹೂಡಿಯಾಳು?

ಮಗಳು ರಜೆಯ ದಿನ ಬಂದಳು. ಸೊರಗಿದ್ದಳು. ಕೊಟ್ಟ ಚಹಾವನ್ನು ಕುಡಿಯದೆ ಕೆಳಗಿಟ್ಟಳು.

"ಅಮ್ಮಾ, ನಾನು ಇಲ್ಲದಾಗ ನನ್ನ ಕೋಣೆಗೆ ಯಾರೋ ಬರ್ತಾರೆ."

"ಏನು ಹೇಳ್ತಿದೀಯೇ?"

"ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಹೋದ್ರೆ ಹಾಸಿಗೆ ಬೆಚ್ಚಗಿರುತ್ತೆ. ಚಹಾ ಮಾಡ್ಕೊಂಡು ಕುಡಿದು ಲೋಟ ತೊಳೆದು ಬೋರಲು ಹಾಕಿರ್ತಾರೆ. ಒಂದು ಸಾಮಾನೂ ಕದ್ದಿಲ್ಲ. ಮೊನ್ನೆ ನನ್ನ ಬಾಚಣಿಗೇಲಿ ಬೇರೆಯೋರ ಕೂದಲು ಇತ್ತಮ್ಮ. ಬೀಗ ಮಾತ್ರ ಹಾಕಿದ್ದು ಹಾಕಿದ ಹಾಗೇ ಇರುತ್ತೆ."

 ಬೀಗದಮ್ಮ ಗಂಡನ ಕಡೆ ನೋಡಿದಳು. ಯಜಮಾನರು ಕನ್ನಡಕ ತೆಗೆದು ಒರೆಸತೊಡಗಿದರು.

"ನಿದ್ದೆಗೆಟ್ಟು ಕೆಲಸ ಮಾಡ್ತೀಯ. ಭ್ರಮೆ ಇರಬೇಕು," ಎಂದರು.

"ಕೂದಲೂ ಭ್ರಮೇನಾ ಅಪ್ಪ?"

"ಬೀಗ ಒಡೆದಿಲ್ಲ ಅಂದ್ಮೇಲೆ ಹೇಗಮ್ಮ ಬರ್ತಾರೆ?"

"ಅದನ್ನೇ ನಾನು ನಿಮ್ಮನ್ನ ಕೇಳ್ತಿರೋದು. ಬೀಗ ಮಾಡೋರು ನೀವು."

 ಮಗಳು ಹೊರಟ ಮೇಲೆ ಬೀಗದಮ್ಮ ಮಗನ ಅಂಗಿ ಹಿಡಿದಳು. "ಹೊರದೇಶದ ಪೆಟ್ಟಿಗೆಯಿಂದ ಒಂದು ಬೀಗ ತೆಗೆದು ಕೊಡು. ನಾನೇ ಅರ ಹಾಕಿದ್ದು. ಅವಳಿಗೆ ಕೊಟ್ಟು ಬರ್ತೀನಿ."

"ಪೆಟ್ಟಿಗೆಗೆ ಮೊಹರು ಬಿದ್ದಿದೆಯಮ್ಮ. ಅಧಿಕಾರಿ ಎಣಿಸಿ ಹೋಗಿದಾರೆ. ಒಂದು ಕಮ್ಮಿ ಆದ್ರೆ ಪ್ರೋತ್ಸಾಹಧನ ಎಲ್ಲಾ ಹೋಗುತ್ತೆ. ಪಟ್ಟಿಯ ತಗಡೂ ಮುಗಿದಿದೆ. ಮುಂದಿನ ಸಲ ಮಾಡಿಕೊಡೋಣ."

"ಅವಳು ನಿನ್ನ ತಂಗಿ ಕಣೋ."

"ಅದಕ್ಕೇ ಮುಂದಿನ ಸಲ ಖಂಡಿತ ಅಂತಿದೀನಿ."

ಮರುದಿನ ಅವಳು ಚೀಲ ಹಿಡಿದು ಪೇಟೆಗೆ ಹೋಗಿ ಅಂಗಡಿ ಅಂಗಡಿಗೆ ಅಲೆದಳು. ಪರದೇಶದ ಬೀಗ ಒಂದಾದರೂ, ಹಳೇದಾದರೂ, ತುಕ್ಕು ಹಿಡಿದದ್ದಾದರೂ ಸಿಕ್ಕೀತೇ ಎಂದು. ಕೊನೆಯ ಅಂಗಡಿಯವನು ಅವಳ ಗುರುತು ಹಿಡಿದು ಹೊಟ್ಟೆ ಹುಣ್ಣಾಗುವಂತೆ ನಕ್ಕ.

"ಅಮ್ಮಾ, ಪರದೇಶದ ಬೀಗ ಬೇಡ ಅಂತ ಮೆರವಣಿಗೇಲಿ ಮುಂದೆ ನಿಂತು ಕೂಗಿದ್ದು ನಿಮ್ಮ ಯಜಮಾನ್ರೇ ಅಲ್ವಾ? ಈಗ ನನ್ನ ಹತ್ರ ಇರೋದು ಇದೊಂದೇ." ಅವನು ಮುಂದಿಟ್ಟದ್ದು ಅವರದೇ ಮನೆಯ ಬೀಗ.

ಭಾನುವಾರ ಬೆಳಿಗ್ಗೆ ಮಗಳ ಕೋಣೆಯ ಮಾಲೀಕರಿಂದ ಬುಲಾವು ಬಂತು. ಯಜಮಾನರೂ ಬೀಗದಮ್ಮನೂ ಹೋದರು. ಅಂಗಳದ ಸುತ್ತ ಬಾಡಿಗೆ ಕೋಣೆಗಳು, ಎಲ್ಲಾ ಬಾಗಿಲಲ್ಲೂ ಜನ. ನಡುವೆ ಮಗಳು, ಎರಡೂ ಕೈ ಕಟ್ಟಿಕೊಂಡು. ಮಾಲೀಕರ ಪಕ್ಕದಲ್ಲಿ ಒಬ್ಬ ಪೊಲೀಸ್ ಪೇದೆ.

"ದೂರು ಕೊಟ್ಟೋರು ನಿಮ್ಮ ಮಗಳೇ," ಎಂದ ಪೇದೆ. "ನಾನು ಬಂದು ನೋಡಿದೆ. ಬೀಗ ಒಡೆದಿಲ್ಲ, ಕಿಟಕಿ ಮುರಿದಿಲ್ಲ, ಸಾಮಾನು ಹೋಗಿಲ್ಲ. ಬಂದೋನು ಬೀಗದಕೈಲೇ ತೆಗೆದು ಬಂದಿದಾನೆ. ಅಂದ್ರೆ ಇವರೇ ಯಾರಿಗೋ ಕೊಟ್ಟಿರಬೇಕು. ಕೊಟ್ಟೋನ ಮೇಲೆ ಈಗೇನೋ ಮುನಿಸು ಬಂದಿರಬೇಕು."

"ನಾನು ಯಾರಿಗೂ ಕೊಟ್ಟಿಲ್ಲ. ಬೀಗದಕೈ ಎರಡೂ ನನ್ನ ಹತ್ರಾನೇ ಇವೆ, ನೋಡಿ," ಎಂದಳು ಮಗಳು. ಅದನ್ನು ಅವಳು ಅದಕ್ಕೆ ಮೊದಲೂ ಬಹಳ ಸಲ ಹೇಳಿದ್ದಳೆಂದು ದನಿಯಲ್ಲೇ ಗೊತ್ತಾಗುತ್ತಿತ್ತು.

"ಮೂರನೇದು ಮಾಡಿಸೋಕೆ ಎಷ್ಟೊತ್ತು ಬೇಕು? ಅಪ್ಪನ ಮನೇಲೇ ಕಾರ್ಖಾನೆ," ಎಂದ ಎದುರು ಕೋಣೆಯ ಗುಮಾಸ್ತ. ಯಾರೋ ನಕ್ಕರು.

"ಹಾಗಲ್ಲ," ಎಂದರು ಮಾಲೀಕರು. "ಇದು ಸಂಸಾರಸ್ಥರ ಜಾಗ. ನಾಳೆ ಆಸ್ಪತ್ರೆಗೂ ಈ ಮಾತು ಮುಟ್ಟುತ್ತೆ, ಇವಳ ಕೆಲಸಕ್ಕೇ ಕುತ್ತು. ಅದಕ್ಕೇ ಯಜಮಾನ್ರನ್ನ ಕರೆಸಿದ್ದು. ಯಜಮಾನ್ರೇ, ನೀವೇ ಹೇಳಿಬಿಡಿ. ಈ ಬೀಗ ಬೇರೆ ಬೀಗದಕೈಗೆ ತೆಗೆಯುತ್ತಾ? ತೆಗೆಯುತ್ತೆ ಅಂದ್ರೆ ಹುಡುಗಿ ಮೇಲೆ ತಪ್ಪಿಲ್ಲ, ಎಲ್ಲಾ ಅವರವರ ಮನೆಗೆ ಹೋಗ್ತೀವಿ."

ಯಜಮಾನರು ಮಗಳನ್ನು ನೋಡಿದರು. ಆಮೇಲೆ ಅಂಗಳದ ಸುತ್ತ ಬಾಗಿಲುಗಳನ್ನು ನೋಡಿದರು. ಪ್ರತಿ ಬಾಗಿಲಿಗೂ ತೂಗುತ್ತಿದ್ದದ್ದು ಅವರ ಬೀಗ.

"ನಮ್ಮ ಬೀಗ," ಎಂದು ಶುರುಮಾಡಿ, "ಅದರ ಬೀಗದಕೈಗೆ ಬಿಟ್ರೆ ಇನ್ಯಾವುದಕ್ಕೂ ಬಗ್ಗೋದಿಲ್ಲ" ಎಂದರು.

ಮಗಳು ಅಳಲಿಲ್ಲ. ಅಪ್ಪನ ಮುಖವನ್ನೇ ನೋಡಿದಳು, ಗುರುತಿಲ್ಲದವರನ್ನು ನೋಡಿದ ಹಾಗೆ. ಹೆತ್ತ ಹೊಟ್ಟೆಗೆ ಅದನ್ನು ತಡೆಯಲಾಗಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಇಲ್ಲಿ ಮಗಳ ಮಾನವನ್ನು ಅಪ್ಪನೇ ಮೂರು ಹಿತ್ತಾಳೆ ಪಟ್ಟಿಗೆ ಮಾರುತ್ತಿದ್ದ.

"ಸುಳ್ಳು," ಎಂದಳು ಬೀಗದಮ್ಮ.

"ಏಯ್, ಸುಮ್ನಿರೇ."

"ಇಷ್ಟು ದಿನ ಸುಮ್ನಿದ್ದದ್ದೇ ಸಾಕು. ಪೇದೆಯವರೇ, ಎಲ್ಲರೂ ಅವರವರ ಬೀಗದಕೈ ತಗೊಂಡು ಬರಲಿ. ನನ್ನ ಮಗಳ ಬಾಗಿಲಿಗೆ ಬೀಗ ಹಾಕಿ. ಒಬ್ಬೊಬ್ಬರಾಗಿ ತೆಗೆದು ನೋಡಿ."

ಪೇದೆಗೆ ತಮಾಷೆ ಎನ್ನಿಸಿತು, ಬಾಗಿಲೆಳೆದು ಬೀಗ ಹಾಕಿದ. ಮೊದಲು ಮಾಲೀಕರದು, ಆಗಲಿಲ್ಲ. ಪೇದೆ ತನ್ನ ಮನೆಯದನ್ನು ಹಾಕಿದ, ಆಗಲಿಲ್ಲ. "ನೋಡಿ, ನಾನು ಹೇಳಿದ್ದೆ," ಎಂದು ಯಜಮಾನರು ಬೆವರು ಒರೆಸಿಕೊಂಡರು. ಮೂರನೆಯವಳು ಮೂಲೆ ಕೋಣೆಯ ಮುದುಕಿ, ಬಟ್ಟೆ ಒಗೆದು ಬದುಕುವವಳು, ನಡೆಯುವುದೇ ಕಷ್ಟ. ಅವಳು ಬೀಗದಕೈ ತೂರಿಸಿ ತಿರುಗಿಸಿದಳು. ಬೀಗ ಟಕ್ ಎಂದು ಬಿಚ್ಚಿಕೊಂಡಿತು.

"ಅಯ್ಯಯ್ಯೋ, ನಾನಲ್ಲಪ್ಪಾ!" ಎಂದು ಮುದುಕಿ ಬೀಗದಕೈಯನ್ನು ನೆಲಕ್ಕೆ ಹಾಕಿಬಿಟ್ಟಳು.

"ನೀನಲ್ಲ ಅಜ್ಜಿ, ನಾವು," ಎಂದಳು ಬೀಗದಮ್ಮ. "ನಮ್ಮ ಯಂತ್ರ ನಾಲ್ಕೇ ಥರ ಮಾಡೋದು. ಊರಿಗೆಲ್ಲಾ ನಾಲ್ಕೇ ಥರ. ನನ್ನ ಮಗಳ ಕೋಣೆ ಯಾರು ತೆಗೆದರು ಅಂತ ಕೇಳಿದ್ರಲ್ಲ? ಊರಲ್ಲಿ ನಾಲ್ಕರಲ್ಲೊಬ್ಬರು ತೆಗೀಬಹುದು."

ಅಂಗಳದಲ್ಲಿ ಗದ್ದಲವೇಳುತ್ತದೆ, ಗಂಡನನ್ನು ಬಯ್ಯುತ್ತಾರೆ, ಹೊಡೆದರೂ ಹೊಡೆದಾರು ಎಂದು ಅವಳು ಕಾದಳು. ಯಾರೂ ಬಯ್ಯಲಿಲ್ಲ. ಗುಮಾಸ್ತ ಬಂದು ತನ್ನ ಬೀಗದಕೈ ಹಾಕಿ ನೋಡಿದ, ಅದೂ ತೆಗೆಯಿತು. ಆಮೇಲೆ ಅವನು ಮುದುಕಿಯ ಬಾಗಿಲ ಕಡೆ ನೋಡಿದ. ಪಕ್ಕದವನು ಗುಮಾಸ್ತನ ಬಾಗಿಲ ಕಡೆ ನೋಡಿದ. ಒಬ್ಬೊಬ್ಬರೂ ಕೈಯಲ್ಲಿದ್ದ ಬೀಗದಕೈಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಬೇಗ ಬೇಗ ಒಳಗೆ ಹೋದರು. ಮಗಳ ಮೇಲಿನ ಮಾತು ಅಲ್ಲಿಗೆ ನಿಂತಿತು, ಆದರೆ ಬೀಗದಮ್ಮನಿಗೆ ಸಮಾಧಾನವಾಗಲಿಲ್ಲ.

"ಹುಡುಗಿಯದು ತಪ್ಪಿಲ್ಲ, ಒಪ್ಪಿದೆ," ಎಂದರು ಮಾಲೀಕರು ತಲೆ ತಗ್ಗಿಸಿ. "ಆದ್ರೂ ಕೋಣೆ ಖಾಲಿ ಮಾಡಿಸಿ. ಬರೋನು ಯಾರೋ ಏನೋ, ನಾನು ಹೇಗೆ ಕಾಯಲಿ?"

ದಾರಿಯುದ್ದಕ್ಕೂ ಯಜಮಾನರು ಆಡಿದ್ದು ಒಂದೇ ಮಾತು: "ಮುಳುಗಿಸಿಬಿಟ್ಟೆಯಲ್ಲೇ." ಮಗಳು ಪೆಟ್ಟಿಗೆ ಹೊತ್ತು ನಾಲ್ಕು ಹೆಜ್ಜೆ ಹಿಂದೆ ಬಂದಳು. ಅಪ್ಪನ ಜೊತೆ ಮಾತು ಬಿಟ್ಟಳು. ಉಗ್ರಾಣದ ಪಕ್ಕದ ಒಳಕೋಣೆ ಖಾಲಿ ಮಾಡಿ ಅವಳಿಗೆ ಹಾಸಿಗೆ ಹಾಕಿಕೊಟ್ಟರು. ಅದರ ಹಿಂಬಾಗಿಲು ಓಣಿಗೆ ತೆರೆಯುತ್ತಿತ್ತು. ಒಳಗಿನ ಚಿಲಕ ಎಂದೋ ಮುರಿದು, ಹೊರಗಿನಿಂದ ಬೀಗ ಹಾಕುವುದೇ ರೂಢಿಯಾಗಿತ್ತು. ಬೀಗ ಯಾವುದೆಂದು ಹೇಳಬೇಕೇ?

"ನಾಳೆ ಬಡಗಿ ಬರ್ತಾನೆ, ಚಿಲಕ ಹಾಕಿಸೋಣ," ಎಂದಳು ಬೀಗದಮ್ಮ.

"ಇದಕ್ಕಿಂತ ಆ ಕೋಣೇನೇ ವಾಸಿಯಿತ್ತಮ್ಮ," ಎಂದಳು ಮಗಳು. "ಅಲ್ಲಿ ಇರೋವಾಗ ಅಪ್ಪನ ಬಾಯಿಂದ ಆ ಸುಳ್ಳು ಇನ್ನೂ ಕೇಳಿರಲಿಲ್ಲ."

ಸುದ್ದಿ ಊರು ತುಂಬ ಹರಡಿತು. ಮರುದಿನ ಅಂಗಡಿಗೆ ಕಲ್ಲು ಬೀಳುತ್ತದೆ ಎಂದು ಸೊಸೆ ಗಾಜಿನ ಕಪಾಟನ್ನು ಒಳಗೆ ಸರಿಸಿದಳು. ಮಗ ತಲೆಯ ಮೇಲೆ ಕೈಹೊತ್ತು ಕೂತ. ಬಡಗಿ ಬರಲಿಲ್ಲ; ಊರಿನವರೆಲ್ಲ ಚಿಲಕಕ್ಕೆ ಅವನನ್ನೇ ಕರೆಯುತ್ತಿದ್ದರಂತೆ. ಮಗಳು ರಾತ್ರಿ ಪಾಳಿ ಮುಗಿಸಿ ಬಂದು, ಊಟ ಬೇಡವೆಂದು ಒಳಕೋಣೆಯಲ್ಲಿ ಮಲಗಿದಳು. ಬಿಸಿಲೇರುವ ಹೊತ್ತಿಗೆ ಬೀದಿಯಲ್ಲಿ ಜನ ಸೇರಿದರು. ಎಲ್ಲರಿಗಿಂತ ಮುಂದೆ ಕೋಣೆಯ ಮಾಲೀಕರು.

ಮಗ ಕೈಮುಗಿದ. "ವಾಪಸ್ ಕೊಡೋಕೆ ಬಂದಿರಾ? ಸ್ವಲ್ಪ ಕಾಲಾವಕಾಶ ಕೊಡಿ."

"ವಾಪಸ್ ಕೊಟ್ಟು ಬಾಗಿಲಿಗೆ ಏನು ಹಾಕಲಿ, ನಿನ್ನ ತಲೇನಾ?" ಎಂದರು ಮಾಲೀಕರು. "ಪೇಟೇಲಿ ಬೇರೆ ಬೀಗ ಎಲ್ಲಿದೆ? ಇನ್ನೊಂದು ಕೊಡು, ನನ್ನದಕ್ಕಿಂತ ಬೇರೆ ಥರದ್ದು. ಎರಡು ಹಾಕ್ತೀನಿ."

 ಮಗನಿಗೆ ನಿಧಾನಕ್ಕೆ ಅರ್ಥವಾಯಿತು. ಹಿಂದಿದ್ದವರಿಗೂ ಇನ್ನೊಂದು ಬೇಕಿತ್ತು, ಅವರ ಹಿಂದಿದ್ದವರಿಗೂ. ಯಂತ್ರ ಮತ್ತೆ ಧಡ್ ಧಡ್ ಎನ್ನತೊಡಗಿತು. ಸೊಸೆ ಡಬ್ಬಿ ಕಟ್ಟಿ ಕಟ್ಟಿ ಸುಸ್ತಾದಳು. ಯಜಮಾನರೂ ಎದ್ದು ಮುಖ ತೊಳೆದು, ಅಂಗಿ ಹಾಕಿಕೊಂಡು ಬಂದು ಎಂದಿನ ಕುರ್ಚಿಯಲ್ಲಿ ಕೂತರು.

"ಅಮ್ಮಾ, ನೀನು ಮಾಡಿದ್ದು ಒಳ್ಳೇದೇ ಆಯ್ತು ನೋಡು," ಎಂದು ಮಗ ನಗುತ್ತಾ ಅವಳ ಹೆಗಲು ಮುಟ್ಟಿದ. "ಬಾ, ಸ್ವಲ್ಪ ಹೊತ್ತು ಅಂಗಡಿ ಕಟ್ಟೆ ಹತ್ರ ನಿಲ್ಲು. ನಾನು ಇನ್ನಷ್ಟು ತರ್ತೀನಿ."

ಬೀಗದಮ್ಮ ನಿಂತಳು. ಸ್ವಲ್ಪ ಹೊತ್ತಿಗೆ ಒಬ್ಬ ಬಂದ. ನಡುವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಮೃದುವಾದ ಮಾತು, ನೂರು ಜನರಲ್ಲಿ ನಿಂತರೆ ನೆನಪಿನಲ್ಲಿ ಉಳಿಯದ ಮುಖ.

"ನಾಲ್ಕು ಥರದ್ದೂ ಒಂದೊಂದು ಕೊಡಿ ಅಮ್ಮ."

"ಎಷ್ಟು ಬಾಗಿಲಿದೆ ನಿಮ್ಮನೇಲಿ?"

"ಒಂದೇ."

ಅವಳ ಕೈ ಕಟ್ಟೆಯ ಮೇಲೇ ನಿಂತಿತು. "ಒಂದು ಬಾಗಿಲಿಗೆ ನಾಲ್ಕು ಬೀಗ ಯಾಕಪ್ಪ?"

"ಬೀಗ ಭಾರ ಅನ್ನಿಸಿದ್ರೆ ನೀವೇ ಇಟ್ಕೊಳಿ," ಎಂದ ಅವನು, ಅಷ್ಟೇ ಮೃದುವಾಗಿ. "ಬೀಗದಕೈ ಸಾಕು. ದುಡ್ಡು ಪೂರ್ತಿ ಕೊಡ್ತೀನಿ."

ಬೀಗದಮ್ಮ ಪರದೆಯ ಕಡೆ ತಿರುಗಿದಳು. ಅದರಾಚೆ, ಉಗ್ರಾಣದ ಪಕ್ಕದಲ್ಲಿ, ಮಗಳು ಗಾಢ ನಿದ್ದೆಯಲ್ಲಿದ್ದಳು. ಹೊರಗೆ ಓಣಿಯ ಬಾಗಿಲಿಗೆ ಬೀಗವಿತ್ತು.

"ಕೊಡಲ್ಲ," ಎಂದಳು. "ಹೋಗು ಇಲ್ಲಿಂದ. ಕೊಡಲ್ಲ ನಿನಗೆ."

"ಏನೇ ಅದು, ಗಿರಾಕಿ ಹತ್ರ ಹಾಗಾ ಮಾತಾಡೋದು?" ಎಂದು ಯಜಮಾನರು ಕುರ್ಚಿಯಿಂದೆದ್ದು ಬಂದರು. ಮಗ ಬೀಗದ ಪೆಟ್ಟಿಗೆ ಹೊತ್ತು ತಂದವನು ನಾಲ್ಕನ್ನೂ ಎತ್ತಿ ಕಟ್ಟೆಯ ಮೇಲಿಟ್ಟ. ಆ ಮನುಷ್ಯ ನಾಲ್ಕು ಬೀಗದಕೈಗಳನ್ನು ಬಿಡಿಸಿಕೊಂಡು ಜೇಬಿಗೆ ಹಾಕಿ, ದುಡ್ಡಿಟ್ಟು, ಬೀಗಗಳನ್ನು ಅಲ್ಲೇ ಬಿಟ್ಟು ಹೊರಟುಹೋದ.

ಅವನ ಹಿಂದೆ ನಿಂತಿದ್ದವನು ಮಗಳ ಹಳೇ ಕೋಣೆಯ ಎದುರಿನ ಗುಮಾಸ್ತ. ಒಂದು ಬೀಗ ಕೊಳ್ಳಲು ಬಂದಿದ್ದವನು, ಕೈಯಲ್ಲಿ ಅಷ್ಟೇ ದುಡ್ಡು ಹಿಡಿದಿದ್ದವನು. ಅವನು ಕಟ್ಟೆಯ ಮೇಲೆ ಉಳಿದಿದ್ದ ಬೀಗಗಳನ್ನು ನೋಡಿದ, ಹೋದವನ ಬೆನ್ನನ್ನು ನೋಡಿದ, ಆಮೇಲೆ ಬೀಗದಮ್ಮನ ಮುಖ ತಪ್ಪಿಸಿ ಜೇಬಿಗೆ ಕೈಹಾಕಿದ.

"ಅವರಿಗೆ ಕೊಟ್ಟ ಹಾಗೇ ನನಗೂ ಕೊಡಿ," ಎಂದ.